ಲಾಂಛನದ ರಚನೆ ಮತ್ತು ವರ್ಣನೆ



ಜಿನಬಿಂಬದ ಪೀಠದಲ್ಲಿ ವೃಷಭವಿದ್ದರೆ ಆದಿನಾಥ ಸ್ವಾಮಿಯೆಂದೂ ಸಿಂಹವಿದ್ದರೆ ಮಹಾವೀರ ಸ್ವಾಮಿಯೆಂದೂ ಅಕ್ಷರವರಿಯದ ಶ್ರಾವಕನೂ ಗುರುತಿಸುತ್ತಾನೆ. ಯುರೋಪಿನ ಯೋಧರು 12ನೆಯ ಶತಮಾನದಿಂದ ಗುರಾಣಿಗಳ ಮೇಲೆ ವಂಶಲಾಂಛನಗಳನ್ನು ಬರೆಯಿಸತೊಡಗಿದುದಕ್ಕೂ ಗುರುತಿನ ಅಗತ್ಯವೇ ಒಂದು ಕಾರಣವಾಗಿತ್ತು. ಶಿರಸ್ತ್ರಾಣ ಧರಿಸಿದವನ ಮುಖ ಕಾಣದು. ರಣಾಂಗಣದ ಧೂಳಿನಲ್ಲಿ ಸ್ವಪಕ್ಷದವನಾರು, ಪರಪಕ್ಷದವನಾರು ಎಂಬುದು ದೂರದಿಂದಲೇ ತಿಳಿಯಬೇಕು.

ಆದುದರಿಂದ ಆ ಶಾಸ್ತ್ರವು ಬಣ್ಣಗಳನ್ನು ಎರಡಾಗಿ ವಿಂಗಡಿಸಿತು. ಹೊನ್ನು, ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಲೋಹಗಳು; ಕೆಂಪು, ನೀಲಿ, ಕಪ್ಪು, ಹಸಿರು, ನೇರಿಳೆ ವರ್ಣಗಳು. ಲೋಹದ ಮೇಲೆ ಲೋಹವನ್ನಾಗಲಿ ವರ್ಣದ ಮೇಲೆ ವರ್ಣವನ್ನಾಗಲಿ ಇಡಬಾರದು. ಇಟ್ಟರೆ ದೂರಕ್ಕೆ ಒಂದರೊಳಗೊಂದು ಅಡಗಿಹೋಗುವುದು. ವರ್ಣನೆಗೂ ಕ್ರಮವುಂಟು. ಮೊದಲು ನೆಲದ ಬಣ್ಣ, ಅನಂತರ ಅದರ ಮೇಲಿನ ಆಕೃತಿ, ಆಮೇಲೆ ಆಕೃತಿಯ ಬಣ್ಣ. ಎಡಬಲಗಳನ್ನು ನೋಡುವವನ ಕಡೆಯಿಂದಲ್ಲ, ಗುರಾಣಿ ಹಿಡಿದವನ ಕಡೆಯಿಂದ ಎಣಿಸಬೇಕು. ‘ನೀಲಿ ನೆಲ, ಓರೆಪಟ್ಟೆ, ಹೊನ್ನು’ ಎಂದರೆ ಸಾಕು, ಮೂಲಚಿತ್ರವನ್ನು ಎಂದೂ ಕಾಣದ ಚಿತ್ರಕಾರನೂ ಬರೆಯಬಲ್ಲನು. ನೀಲಿಯ ಛಾಯೆ ಅವನ ಇಚ್ಛೆಗೆ ಬಿಟ್ಟದ್ದು. ವರ್ತಕರು ಮೂಟೆಗಳ ಮೇಲೆ ಹಾಕಿಸುವ ಗುರುತೂ ಹೀಗೆಯೇ. ಬಾಯಿಮಾತಿನಲ್ಲಿ ಹೇಳಲಾಗದ ಗುರುತು ಹಮಾಲನ ನೆನಪಿನಲ್ಲಿ ನಿಲ್ಲದು.

ಈ ನೀಲಿ ನೆಲದ ಹೊನ್ನಿನ ಪಟ್ಟೆಗಾಗಿಯೇ ಇಂಗ್ಲೆಂಡಿನಲ್ಲಿ ದೊಡ್ಡ ವ್ಯಾಜ್ಯವೊಂದು ನಡೆಯಿತು. 1385ರಲ್ಲಿ ದೊರೆ ಎರಡನೆಯ ರಿಚರ್ಡನು ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ರಿಚರ್ಡ್ ಸ್ಕ್ರೋಪ್, ರಾಬರ್ಟ್ ಗ್ರೋವ್ನರ್ ಎಂಬ ಇಬ್ಬರು ಇದೇ ಲಾಂಛನವನ್ನು ಧರಿಸಿದ್ದುದು ಬೆಳಕಿಗೆ ಬಂತು. ಇಬ್ಬರೂ ಅದು ತಮ್ಮ ಪೂರ್ವಿಕರದೆಂದರು. ಸೋತವನಿಗೆ ಹಣದ ನಷ್ಟಕ್ಕಿಂತ ಕುಲದ ಹೆಸರಿನ ನಷ್ಟವೇ ಹಿರಿದಾಗಿತ್ತು. ನೂರಾರು ಮಂದಿ ಸಾಕ್ಷಿ ನುಡಿದರು. 1386ರಲ್ಲಿ ಕವಿ ಜೆಫ್ರಿ ಚಾಸರನೂ ಬಂದು, ಫ್ರಾನ್ಸಿನ ಯುದ್ಧದಲ್ಲಿ ಸ್ಕ್ರೋಪನು ಅದನ್ನು ಧರಿಸಿದ್ದುದನ್ನು ಕಂಡುದಾಗಿ ಹೇಳಿದನು. ಲಂಡನ್ನಿನ ಫ್ರೈಡೇ ಬೀದಿಯಲ್ಲಿ ಹೋಗುತ್ತಿದ್ದಾಗ ಹೊಸದಾಗಿ ತೂಗುಹಾಕಿದ ಫಲಕದಲ್ಲಿ ಅದೇ ಲಾಂಛನವಿತ್ತಂತೆ. ಸ್ಕ್ರೋಪನ ಬಿಡಾರವೆಂದು ತಿಳಿದು ವಿಚಾರಿಸಿದರೆ, ಅಲ್ಲ, ಗ್ರೋವ್ನರನದು ಎಂದು ಉತ್ತರ ಬಂತು. ಆ ಹೆಸರನ್ನು ಕವಿ ಕೇಳಿದ್ದು ಅದೇ ಮೊದಲು! ಇದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಬೇಕೆ?

1389ರಲ್ಲಿ ತೀರ್ಪು ಸ್ಕ್ರೋಪನ ಪರವಾಯಿತು. ಸುತ್ತಲೂ ಬೆಳ್ಳಿಯ ಅಂಚನ್ನು ಸೇರಿಸಿಕೊಂಡರೆ ಗ್ರೋವ್ನರನೂ ಪಟ್ಟೆಯನ್ನು ಧರಿಸಬಹುದೆಂದು ಅದರಲ್ಲಿತ್ತು. ಅವನು ದೊರೆಗೆ ಮೇಲ್ಮನವಿ ಸಲ್ಲಿಸಿದನು. ಅಪರಿಚಿತ ಕುಲದವನಿಗೆ ಅಂಚಿನೊಡನೆಯೂ ಅದು ಸಲ್ಲದೆಂದು ದೊರೆ 1390ರಲ್ಲಿ ನಿರ್ಣಯಿಸಿದನು. ಇದ್ದ ಅರ್ಧವೂ ಹೋಯಿತು.

ಆಮೇಲೆ ಗ್ರೋವ್ನರ್ ವಂಶದವರು ಆರಿಸಿಕೊಂಡ ಲಾಂಛನ ಮೆಚ್ಚತಕ್ಕದ್ದು: ನೀಲಿ ನೆಲ, ಗೋಧಿಯ ಸಿವುಡು, ಹೊನ್ನು. ಬಣ್ಣಗಳು ಅವೇ, ಆಕೃತಿ ಬೇರೆ, ವರ್ಣನೆ ಅಷ್ಟೇ ಚಿಕ್ಕದು. ಆ ವಂಶದವರು ಮುಂದೆ ವೆಸ್ಟ್‌ಮಿನ್‌ಸ್ಟರಿನ ಡ್ಯೂಕರಾದರು. ಹಳೆಯ ಪಟ್ಟೆಯನ್ನು ಮಾತ್ರ ಅವರು ಮರೆಯಲಿಲ್ಲ. 1880ರಲ್ಲಿ ಡರ್ಬಿ ಪಂದ್ಯವನ್ನು ಗೆದ್ದ ಡ್ಯೂಕನ ಕುದುರೆಯ ಹೆಸರು ‘ಬೆಂಡ್ ಆರ್’, ಎಂದರೆ ಹೊನ್ನಿನ ಓರೆಪಟ್ಟೆ.