ಮಲೆನಾಡಿನ ಆರೋಗ್ಯ ಮತ್ತು ಆಶಾ ಕಾರ್ಯಕರ್ತೆಯರು



ಮಲೆನಾಡಿನಲ್ಲಿ ಕಾಡಿನ ಆರೋಗ್ಯವೂ ಮನುಷ್ಯರ ಆರೋಗ್ಯವೂ ಬೇರೆಬೇರೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೇ ಇದಕ್ಕೆ ಸಾಕ್ಷಿ. ಉಣುಗಿನ ಕಡಿತದಿಂದ ಬರುವ ಈ ಜ್ವರವು ಸೌದೆ, ತರಗೆಲೆಗೆಂದು ಕಾಡಿಗೆ ಹೋದವರನ್ನು ಬಾಧಿಸುತ್ತದೆ. ನಿರ್ದಿಷ್ಟ ಔಷಧವಿಲ್ಲ; ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಹೀಗಾಗಿ ಮುನ್ನೆಚ್ಚರಿಕೆಯೇ ಮುಖ್ಯ ರಕ್ಷಣೆ.

ಅದನ್ನು ಮನೆಬಾಗಿಲಿಗೆ ಒಯ್ಯುವವರು ಆಶಾ ಕಾರ್ಯಕರ್ತೆಯರು. ಉಣುಗು ತಡೆಯುವ ತೈಲವನ್ನು ಹಂಚುವುದು, ಜ್ವರಪೀಡಿತರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು, ಮಂಗ ಸತ್ತ ಸುದ್ದಿಯನ್ನು ಮುಟ್ಟಿಸುವುದು ಅವರ ಕೆಲಸ. ಸತ್ತ ಮಂಗನ ಮೈಯಿಂದ ಉಣುಗುಗಳು ಸುತ್ತಲೂ ಹರಡುವುದರಿಂದ ಒಂದು ದಿನದ ವಿಳಂಬವೂ ಅಪಾಯಕರ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನರಿಗೆ ಒಬ್ಬ ಆಶಾ ಎಂದು ನಿಗದಿಪಡಿಸಿತು. ಬಯಲುಸೀಮೆಯಲ್ಲಿ ಸಾವಿರ ಜನ ಒಂದೇ ಊರಿನಲ್ಲಿದ್ದಾರು. ಇಲ್ಲಿ ಅವರು ಹಳ್ಳ, ಗುಡ್ಡಗಳಾಚೆ ಚದುರಿದ್ದಾರೆ. ಕೆಲಸವಾರು ಪ್ರೋತ್ಸಾಹಧನದಲ್ಲಿ ನಡೆದ ದಾರಿಗೆ ಲೆಕ್ಕವಿಲ್ಲ. ಆದರೆ ಗುಡ್ಡಗಾಡಿನಲ್ಲಿ ಜನವಸತಿಗೊಬ್ಬರಂತೆ ನೇಮಿಸಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಗ್ರಾಮಸಭೆಗಳು ನಿರ್ಣಯ ಕೈಗೊಂಡು ಇದನ್ನು ಕೇಳಬೇಕು.

ಸತ್ತ ಮಂಗವನ್ನು ಕಂಡ ವಿದ್ಯಾರ್ಥಿಗಳು ಹತ್ತಿರ ಸುಳಿಯದೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಊರನ್ನು ಕಾಯುವ ಹೊಣೆ ಒಬ್ಬರದೇ ಆಗಬಾರದು.