ಲ್ಯಾಬ್ ಟೆಕ್ನೀಷಿಯನ್ ಕೋರ್ಸು: ಖರ್ಚೆಷ್ಟು, ಹುಟ್ಟುವಳಿ ಎಷ್ಟು?

(ಕುಮಟಾದಲ್ಲಿ ನಡೆದ ವಿದ್ಯಾರ್ಥಿನಿಯರ ಮತ್ತು ಪಾಲಕರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ತಾಯಂದಿರು ನನ್ನಲ್ಲಿಗೆ ಬರುತ್ತಾರೆ. "ಮೇಡಂ, ಮಗಳನ್ನು ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಹಾಕಲೋ, ಆ ದುಡ್ಡಿಗೆ ಎರಡು ಬಳೆ ಮಾಡಿಸಿಡಲೋ?" ಎಂದು ಕೇಳುತ್ತಾರೆ. ನಾನು ಈ ಪ್ರಶ್ನೆಗೆ ನಗುವುದಿಲ್ಲ. ಅರ್ಥಶಾಸ್ತ್ರ ಕಲಿಸಿದವಳು ನಾನು. ಈ ತಾಯಿ ಕೇಳುವುದು ಬಂಡವಾಳದ ಪ್ರಶ್ನೆಯನ್ನೇ.

ಮೊದಲು ಖರ್ಚು ನೋಡೋಣ. ನಮ್ಮ ರಾಜ್ಯದಲ್ಲಿ ಪಿಯುಸಿ ವಿಜ್ಞಾನ ಓದಿದವರಿಗೆ ಈ ಡಿಪ್ಲೊಮಾ ಎರಡು ವರ್ಷ, ಎಸ್ಸೆಸ್ಸೆಲ್ಸಿಯವರಿಗೆ ಮೂರು ವರ್ಷ ಎಂದು ನಡೆದುಬಂದಿದೆ. ಫೀಸು, ಹಾಸ್ಟೆಲು ಎಲ್ಲರಿಗೂ ಕಾಣುವ ಖರ್ಚು. ಕಾಣದ ಖರ್ಚು ಇನ್ನೊಂದಿದೆ. ಆ ಎರಡು ವರ್ಷ ಹುಡುಗಿ ಬಟ್ಟೆ ಅಂಗಡಿಗೋ ಗೋಡಂಬಿ ಕಾರ್ಖಾನೆಗೋ ಹೋಗಿದ್ದರೆ ಸಿಗುತ್ತಿದ್ದ ಕೂಲಿ. ಪುಸ್ತಕದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಬಡವರ ಮನೆಯಲ್ಲಿ ಇದೇ ದೊಡ್ಡದು.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಅಂಕಿ ನನ್ನ ಊಹೆ, ನೀವು ನಿಮ್ಮದನ್ನು ತುಂಬಿ. ಫೀಸು-ಹಾಸ್ಟೆಲಿಗೆ ಒಂದೂವರೆ ಲಕ್ಷ. ಬಿಟ್ಟ ಕೂಲಿ ತಿಂಗಳಿಗೆ 8,000ದಂತೆ 24 ತಿಂಗಳಿಗೆ 1,92,000. ಒಟ್ಟು 3,42,000 ರೂಪಾಯಿ. ಕಲಿತ ಮೇಲೆ ಊರಿನ ಖಾಸಗಿ ಲ್ಯಾಬಿನಲ್ಲಿ 13,000 ಸಿಕ್ಕಿತೆನ್ನಿ. ಆಗ ಕೋರ್ಸು ತಂದುಕೊಟ್ಟದ್ದು 13,000 ಅಲ್ಲ, ತಿಂಗಳಿಗೆ 5,000 ಮಾತ್ರ. ಹಾಕಿದ್ದು ಮರಳಲು 68 ತಿಂಗಳು ದಾಟಬೇಕು, ಅಂದರೆ ಐದು ವರ್ಷ ಎಂಟು ತಿಂಗಳ ಮೇಲೆ.

ಈಗ ನೀವೇ ಹೇಳಿ. ಕೆಲಸಕ್ಕೆ ಸೇರಿ ಎರಡನೇ ವರ್ಷಕ್ಕೆ ಮದುವೆ. ಗಂಡನ ಮನೆಯವರು "ನಮ್ಮ ಸೊಸೆ ರಕ್ತ ತೆಗೆಯಲು ಹೋಗಬೇಕೇ?" ಎಂದು ಕೆಲಸ ಬಿಡಿಸಿದರು. ಹುಟ್ಟುವಳಿ ಎಲ್ಲಿ ಬಂತು? ಕೋರ್ಸು ನಷ್ಟವೆಂದು ಊರು ಆಡಿಕೊಳ್ಳುತ್ತದೆ. ನಷ್ಟ ಮಾಡಿದ್ದು ಕೋರ್ಸೇ?

ಕೆಲಸದ ಬಗೆಗೂ ಕಣ್ಣು ಮುಚ್ಚಿಕೊಳ್ಳುವುದು ಬೇಡ. ಹಿಮೋಗ್ಲೋಬಿನ್, ಸಕ್ಕರೆ, ಮಲೇರಿಯಾದ ರಕ್ತಲೇಪ, ಕ್ಷಯದ ಕಫ ಪರೀಕ್ಷೆ ಇವೆಲ್ಲ ಕೈಗೆ ಬರುವ ವಿದ್ಯೆ. ಆದರೆ ಇತ್ತೀಚೆಗೆ ಯಂತ್ರಗಳು ಬಂದು ಕೆಲಸ ಕಡಿಮೆ ಕೈಗಳಲ್ಲಿ ಮುಗಿಯುತ್ತದೆ. ಸಣ್ಣ ಊರಿನ ಎಷ್ಟೋ ಕಡೆ ರಕ್ತ ಸಂಗ್ರಹಿಸಿ ದೊಡ್ಡ ಊರಿಗೆ ಕಳಿಸುವುದಷ್ಟೇ ಉಳಿದಿದೆ. ನಮ್ಮವರು ದೊಡ್ಡ ಕಾಯಿಲೆಗೆ ಇಂದಿಗೂ ಮಣಿಪಾಲ, ಮಂಗಳೂರು ಎಂದು ಓಡುವುದರಿಂದ ದೊಡ್ಡ ಲ್ಯಾಬುಗಳೂ ಅಲ್ಲೇ. ಭಟ್ಕಳದ ತಾಯಂದಿರು ಗಲ್ಫಿನ ಮಾತೆತ್ತುತ್ತಾರೆ. ಅಲ್ಲಿ ಅನುಭವ, ಪರವಾನಗಿ ಪರೀಕ್ಷೆ ಎರಡನ್ನೂ ಕೇಳುತ್ತಾರೆ. ಅನೇಕ ಕಡೆ ಪದವಿಯೇ ಬೇಕು. ಹಾಗಾಗಿ ಶಕ್ತಿಯಿದ್ದವರು ಡಿಪ್ಲೊಮಾ ಬದಲು ಬಿ.ಎಸ್ಸಿ. ಪದವಿಯನ್ನು ಯೋಚಿಸಲಿ. ಯಾವುದಾದರೂ ಸರಿ, ಸಂಸ್ಥೆಗೆ ಪ್ಯಾರಾಮೆಡಿಕಲ್ ಬೋರ್ಡಿನ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ಕಾಗದ ನೋಡಿಯೇ ದುಡ್ಡು ಕಟ್ಟಿ. 2021ರಲ್ಲಿ ಈ ವೃತ್ತಿಗಳಿಗೆ ಕೇಂದ್ರ ಕಾಯ್ದೆಯೇ ಬಂದಿದೆ. ಮಾನ್ಯತೆ ಇಲ್ಲದ ಕಾಗದಕ್ಕೆ ಮುಂದೆ ಕಷ್ಟ.

"ಓದಿಸಿದ್ದೇವಲ್ಲ, ವರದಕ್ಷಿಣೆ ತಪ್ಪೀತು" ಎಂಬ ಆಸೆಯೊಂದಿದೆ. ನಾನು ಕಂಡ ಮಟ್ಟಿಗೆ ಅದು ಹುಸಿ. ಓದಿದವಳಿಗೆ ಹೆಚ್ಚು ಓದಿದ ವರ ಬೇಕೆನ್ನುತ್ತೀರಿ, ಅವನ ದರ ಏರಿರುತ್ತದೆ. ಸಾಲ ಮಾಡಿ ಓದಿಸಿದ್ದರೆ ಆ ಸಾಲವನ್ನೂ ವರನ ಕಡೆಯವರು ಎತ್ತಾಡುತ್ತಾರೆ. ಹತ್ತು ಪವನು ಕೇಳುವವರು ಸಂಬಳದ ಚೀಟಿಯನ್ನೂ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಶರಾವತಿ ದಂಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಈ ಕೋರ್ಸು ಮಾಡಿದಳು. ಆಯಿ ಕೈಬಳೆ ಮಾರಿ ಫೀಸು ಕಟ್ಟಿದ್ದಳು. ಮದುವೆಯಾದ ತಿಂಗಳಲ್ಲೇ ಅತ್ತೆ "ಭದ್ರವಾಗಿರಲಿ" ಎಂದು ಚಿನ್ನದ ಜೊತೆಗೆ ಅವಳ ಅಂಕಪಟ್ಟಿ, ಸರ್ಟಿಫಿಕೇಟುಗಳನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಂಬಳ ಗಂಡನ ಖಾತೆಗೆ. ಹೊಡೆತ ತಾಳಲಾರದೆ ಒಂದು ರಾತ್ರಿ ಉಟ್ಟ ಸೀರೆಯಲ್ಲಿ ತವರಿಗೆ ಬಂದಳು. ಬೇರೆ ಲ್ಯಾಬಿಗೆ ಕೆಲಸ ಕೇಳಲು ಹೋದರೆ ಮೂಲ ಪ್ರತಿ ಎಲ್ಲಿ ಎಂದರು. ಪೊಲೀಸ್ ದೂರು, ಅಫಿಡವಿಟ್ಟು, ಬೋರ್ಡಿಗೆ ಅರ್ಜಿ ಎಂದು ನಕಲು ಪ್ರತಿಗಾಗಿ ತಿಂಗಳುಗಟ್ಟಲೆ ಅಲೆದೆವು. ನಾನೂ ಜೊತೆಗಿದ್ದೆ. ಆ ಅಲೆದಾಟದಲ್ಲಿ ನನಗೇ ನಾಚಿಕೆಯಾಯಿತು. ಮೂವತ್ತು ವರ್ಷ ಪಾಠ ಹೇಳಿದ ನಾನು ಒಬ್ಬ ಹುಡುಗಿಗೂ "ಸರ್ಟಿಫಿಕೇಟು ನಿನ್ನ ಕೈಯಲ್ಲಿರಲಿ" ಎಂದು ಹೇಳಿರಲಿಲ್ಲ.

ಕಾನೂನು ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಹಳೆಯ 498ಎ ಕಲಮು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆಯುತ್ತದೆ. ಸ್ತ್ರೀಧನ, ಅವಳಿಗೆ ಸೇರಿದ ಸ್ವತ್ತು ಮರಳಿಸಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಇದಕ್ಕೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ, ಅವರೇ ಸಂರಕ್ಷಣಾಧಿಕಾರಿ.

ಹಾಗಾದರೆ ಬಳೆಯೋ ಕೋರ್ಸೋ? ಕೋರ್ಸಿಗೇ ಹಾಕಿ, ಮದುವೆಯನ್ನು ಮುಂದೆ ಹಾಕಿ. ಕನಿಷ್ಠ ಮೂರು ವರ್ಷ ಅವಳು ದುಡಿಯಲಿ, ಅನುಭವದ ಪತ್ರ ಪಡೆಯಲಿ. ಬ್ಯಾಂಕ್ ಖಾತೆ ಅವಳೊಬ್ಬಳ ಹೆಸರಿನಲ್ಲಿರಲಿ. ಹೆಣ್ಣು ನೋಡಲು ಬಂದವರ ಎದುರು ಕೆಲಸದ ಮಾತನ್ನು ಅವಳೇ ಆಡಲಿ, ನೀವು ಅಡ್ಡ ಬರಬೇಡಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೊನ್ನಾವರದಿಂದ ಕುಮಟಾಕ್ಕೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿಬರಬಹುದು, ಒಂದು ನೆಪವಂತೂ ಕಳೆಯಿತು.

ಆ ಹುಡುಗಿ ಈಗ ಬೆಳಗಿನ ಪಾಳಿಗೆ ಹೋಗುತ್ತಾಳೆ. ಹೋದ ತಿಂಗಳು ನನ್ನ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದವಳು ಅವಳೇ. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನಕಲು ಪ್ರತಿ ಎಲ್ಲಿಟ್ಟಿದ್ದೀಯೆ ಎಂದು ಕೇಳಿದೆ. "ಆಯಿಯ ಪೆಟ್ಟಿಗೆಯಲ್ಲಿ ಅಲ್ಲ ಮೇಡಂ, ಬ್ಯಾಂಕಿನ ಲಾಕರಿನಲ್ಲಿ. ಬೀಗದ ಕೈ ನನ್ನ ಹತ್ತಿರ" ಎಂದಳು.