ದೋಣಿಯ ಬೆನ್ನಿನ ಹಲಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ಕೇಳುಗರ ಮನಸ್ಸಿಗೆ ಬರುವುದು ತೊಗರಿಯ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟು ಕಾರ್ಖಾನೆಯ ಹೊಗೆಗೊಳವೆ, ಮೂರು ದಿಕ್ಕಿನ ರೈಲುಗಳು ಕೂಡಿ ಅಗಲುವ ಜಂಕ್ಷನ್. ದೋಣಿಯ ಚಿತ್ರ ಯಾರ ಮನಸ್ಸಿಗೂ ಬಾರದು. ಆದರೆ ಈ ಒಣ ಸೀಮೆಯನ್ನು ಪೋಣಿಸಿರುವ ದಾರ ನೀರಿನದೇ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲಿ ಹರಿದು, ಬೆಣ್ಣೆತೊರೆಯನ್ನೂ ಕೂಡಿಸಿಕೊಂಡು, ಶಹಾಬಾದಿನ ಸೀಮೆಯಲ್ಲಿ ಭೀಮೆಯೊಡನೆ ಬೆರೆಯುತ್ತದೆ. ಚಂದ್ರಂಪಳ್ಳಿ, ನಾಗರಾಳ, ಬೆಣ್ಣೆತೊರೆಗಳ ಅಣೆಕಟ್ಟುಗಳ ಹಿಂದೆ ನೀರು ನಿಂತಿದೆ. ನೀರು ನಿಂತಲ್ಲಿ ಮೀನು. ಮೀನು ಇದ್ದಲ್ಲಿ ದೋಣಿ. ದೋಣಿ ಬಂದ ಮೇಲೆ ದೋಣಿಯ ಪ್ರಶ್ನೆಗಳು. ಅಂತಹ ಒಂದು ಸಣ್ಣ ಪ್ರಶ್ನೆಯನ್ನು ಇಂದು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

ನನಗೆ ಪರಿಚಿತರಾದ ಒಬ್ಬರು ಮೀನು ಹಿಡಿಯುವ ಕೆಲಸಕ್ಕೆಂದು ಕರಾವಳಿಯ ಕಡೆಯಿಂದ ಹಳೆಯದೊಂದು ಮೋಟಾರುದೋಣಿಯನ್ನು ಕೊಂಡು ತಂದರು. ಹದಿನಾರು ಅಡಿ ಉದ್ದದ ಫೈಬರಿನ ದೋಣಿ. ಮೊದಲ ಯಜಮಾನರು ಅದನ್ನು ವಿಹಾರಕ್ಕೆ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ದೋಣಿಯ ಹಿಂಗೋಡೆಗೆ, ಮೋಟಾರಿನ ಇಕ್ಕೆಲಗಳಲ್ಲಿ, ನೀರಿನ ಮಟ್ಟಕ್ಕಿಂತ ಗೇಣು ಮೇಲೆ, ಒಂದು ಹಲಗೆಯನ್ನು ಚಾಚಿ ಕೂರಿಸಿದ್ದಾರೆ. ಈಜಲು ಇಳಿಯುವವರಿಗೂ ಈಜಿ ಬಂದು ಹತ್ತುವವರಿಗೂ ಅದು ಮೆಟ್ಟಿಲು. ಇಂಗ್ಲಿಷಿನಲ್ಲಿ ಇದಕ್ಕೆ ಸ್ವಿಮ್ ಪ್ಲಾಟ್‌ಫಾರ್ಮ್ ಎಂದು ಹೆಸರು. ನಾವು ಈಜುಹಲಗೆ ಎನ್ನೋಣ. “ಇದು ನಮಗ್ಯಾಕ್ರಿ? ಬಲಿ ಸಿಗಬೀಳ್ತದ, ಪೋರಗೋಳು ಕಾಲ್ ಇಳಿಬಿಟ್ಟು ಕುಂಡರ್ತಾವ. ಕೊಯ್ದು ಹಾಕಿಬಿಡ್ಲೇನ್ರಿ?” ಎಂದು ಅವರು ಕೇಳಿದರು. ಪಕ್ಕದಲ್ಲಿದ್ದ ಅವರ ತಾಯಿ, ದೋಣಿಯನ್ನು ಎಂದೂ ಹತ್ತದವರು, “ನೀರಾಗ ಬಿದ್ದಂವ ಮ್ಯಾಲ ಹ್ಯಾಂಗ ಹತ್ತಬೇಕಪ್ಪ?” ಎಂದು ಮರುಪ್ರಶ್ನೆ ಹಾಕಿದರು. ವಿಷಯದ ಎರಡು ಮಗ್ಗುಲುಗಳೂ ಈ ಎರಡು ಮಾತಿನಲ್ಲಿ ಅಡಗಿವೆ.

ಮೊದಲು ಭಾರದ ಮಾತನ್ನು ತೆಗೆದುಕೊಳ್ಳೋಣ. ಹಲಗೆ ದೋಣಿಯ ಹಿಂಭಾಗವನ್ನು ಒತ್ತಿ, ಮೂತಿಯನ್ನು ಮೇಲಕ್ಕೆ ಎತ್ತುತ್ತದೆ ಎಂಬುದು ತೆಗೆಯಬೇಕೆನ್ನುವವರ ಮೊದಲ ವಾದ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಜಜ್ಜುತ್ತದೆ. ದೋಣಿಗೂ ಇದೇ ನ್ಯಾಯ. ಆದರೆ ಎಷ್ಟು ಭಾರ ಎಂಬುದನ್ನು ತೂಗಿ ನೋಡಬೇಕು. ಎರಡಡಿ ಚೌಕದ, ಒಂದು ಅಂಗುಲ ದಪ್ಪದ ಶಹಾಬಾದ್ ಕಲ್ಲು ಸುಮಾರು 25 ಕಿಲೋ ತೂಗುತ್ತದೆ. ಈ ದೋಣಿಯ ಹಲಗೆಯೂ ಅದರ ಕಬ್ಬಿಣದ ತೋಳುಗಳೂ ಕೂಡಿ ಅಂತಹ ಒಂದು ಕಲ್ಲಿನಷ್ಟು ಭಾರ ಎಂದಿಟ್ಟುಕೊಳ್ಳಿ. ದೋಣಿ ತೂಗುವ ನಡುಬಿಂದುವಿನಿಂದ ಅದು ಎಂಟು ಅಡಿ ಹಿಂದಿದೆ. 25ನ್ನು 8ರಿಂದ ಗುಣಿಸಿದರೆ 200. ಇದನ್ನು ಸರಿದೂಗಿಸಲು 50 ಕಿಲೋ ತೂಕದ ಒಬ್ಬ ಮನುಷ್ಯ ನಾಲ್ಕು ಅಡಿ ಮುಂದೆ ಸರಿದು ಕುಳಿತರೆ ಸಾಕು. ಇಂಧನದ ಡಬ್ಬವನ್ನೂ ಬ್ಯಾಟರಿಯನ್ನೂ ಮುಂದಕ್ಕೆ ಒಯ್ದಿಟ್ಟರೂ ಕೆಲಸ ಬಹುಪಾಲು ಆದಂತೆಯೇ. ಇಷ್ಟಕ್ಕಾಗಿ ಗರಗಸ ಹಿಡಿಯುವ ಅಗತ್ಯವಿಲ್ಲ.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಿ ನೋಡಿರಿ. ತಲಾ 60 ಕಿಲೋ ತೂಕದ ಮೂವರು ಆ ಹಲಗೆಯ ಮೇಲೆ ಒಟ್ಟಿಗೆ ನಿಂತರೆ 180ನ್ನು 8ರಿಂದ ಗುಣಿಸಬೇಕು, 1440 ಆಗುತ್ತದೆ. ಬರಿಯ ಹಲಗೆಯ ಏಳು ಪಟ್ಟಿಗೂ ಮಿಗಿಲು. ಮೋಟಾರನ್ನು ತೂಗುಹಾಕುವ ಸಲುವಾಗಿ ಹಿಂಗೋಡೆಯನ್ನು ತಗ್ಗಿಸಿರುವ ಸಣ್ಣ ದೋಣಿಗಳಲ್ಲಿ, ಆ ತಗ್ಗಿನಿಂದಲೇ ನೀರು ಒಳಗೆ ನುಗ್ಗುತ್ತದೆ. ಆದುದರಿಂದ ದೋಣಿಗೆ ಅಪಾಯ ಹಲಗೆಯ ಭಾರದಿಂದಲ್ಲ, ಹಲಗೆಯನ್ನು ಕಟ್ಟೆಯೆಂದು ತಿಳಿದು ಕೂಡುವವರ ಭಾರದಿಂದ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡುದನ್ನು ನಾಡು ಮರೆತಿಲ್ಲ. ಆ ದೋಣಿಗೂ ಈ ಹಲಗೆಗೂ ಸಂಬಂಧವಿಲ್ಲ, ನಿಜ. ಆದರೆ ತೇಲುವ ವಸ್ತುವಿನ ಮೇಲೆ ಎಷ್ಟು ಜನ, ಎಲ್ಲಿ ಕೂಡಬೇಕೆಂಬುದು ಸಣ್ಣ ಮಾತಲ್ಲವೆಂದು ನೆನಪಿಸಲು ಅದೊಂದು ಸಾಕು.

ಎರಡನೆಯದು ಓಟದ ಮಾತು. ನೀರಿನ ಮೇಲೆ ಗೇಣು ಎತ್ತರದಲ್ಲಿರುವ ಹಲಗೆ, ದೋಣಿ ನಿಂತಾಗ ಯಾವ ತಡೆಯನ್ನೂ ಒಡ್ಡದು. ನಿಧಾನವಾಗಿ ಹೊರಟಾಗ ದೋಣಿಯ ಬೆನ್ನು ತಗ್ಗುತ್ತದೆ. ಆಗ ಹಲಗೆ ನೀರನ್ನು ಮುಟ್ಟಿ ಎಳೆಯುತ್ತದೆ. ಹಿಮ್ಮುಖವಾಗಿ ನಡೆಸುವಾಗ ಅದು ಮೊರದಂತೆ ನೀರನ್ನು ಗೋರುತ್ತದೆ. ಬೆನ್ನ ಹಿಂದಿನಿಂದ ಬರುವ ಅಲೆ ಹಲಗೆಯ ಹೊಟ್ಟೆಗೆ ಗುದ್ದಿದರೆ, ಆ ಗುದ್ದೆಲ್ಲ ನಾಲ್ಕಾರು ಬೋಲ್ಟುಗಳ ಮೇಲೆ ಬೀಳುತ್ತದೆ. ಬಲೆ ಎಳೆಯುವವರಿಗಂತೂ ಅದರ ಮೂಲೆಗಳು ನಿತ್ಯದ ಕಿರಿಕಿರಿ. ತೆಗೆಯಬೇಕೆನ್ನುವವರ ಪಕ್ಷ ಇಲ್ಲಿ ಗಟ್ಟಿಯಾಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಮೂರನೆಯದು ಪ್ರಾಣದ ಮಾತು. ಹಲಗೆ ಇರುವ ಜಾಗ ಯಾವುದು ಎಂಬುದನ್ನು ಗಮನಿಸಿರಿ. ಅದರ ಕೆಳಗೆ, ಕೈಗೆಟುಕುವ ದೂರದಲ್ಲಿ, ಪ್ರೊಪೆಲರು ತಿರುಗುತ್ತಿರುತ್ತದೆ. ಗೇರು ಬಿಡಿಸಿದ ಮಾತ್ರಕ್ಕೆ ಅದು ನಿಂತಿತೆಂದು ನಂಬುವಂತಿಲ್ಲ. ಎಂಜಿನ್ನನ್ನೇ ಆರಿಸಿ, ಕೀಲಿಯನ್ನು ತೆಗೆದು ಕೈಯಲ್ಲಿ ಹಿಡಿದ ಮೇಲೆಯೇ ಯಾರಾದರೂ ಹಲಗೆಯ ಮೇಲೆ ಕಾಲಿಡಬೇಕು. ಇನ್ನೊಂದು ವೈರಿ ಕಣ್ಣಿಗೆ ಕಾಣದ್ದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರು ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ನಾವು ಓದಿದ್ದೇವೆ. ಕೊಂದದ್ದು ಇದೇ ಅನಿಲ. ಅಮೆರಿಕದ ಲೇಕ್ ಪೊವೆಲ್ ಎಂಬ ವಿಶಾಲ ಜಲಾಶಯದಲ್ಲಿ, ಮನೆದೋಣಿಗಳ ಹಿಂಬದಿಯ ಹಲಗೆಯ ಕೆಳಗೆ ಈ ಅನಿಲ ಕೂಡಿಕೊಂಡು ಈಜುವವರನ್ನು ಕೊಂದ ಸಂಗತಿಯನ್ನು ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ 2000ದ ಸುಮಾರಿನಲ್ಲಿ ಪರೀಕ್ಷಿಸಿ ಪ್ರಕಟಿಸಿತು. ಚಲಿಸುವ ದೋಣಿಯ ಈಜುಹಲಗೆಯನ್ನು ಹಿಡಿದು ಜೋತಾಡುವ ಆಟವನ್ನು ಕ್ಯಾಲಿಫೋರ್ನಿಯಾ ರಾಜ್ಯ 2004ರ ಕಾನೂನಿನಿಂದ ನಿಷೇಧಿಸಿತು. ಹುಡುಗರು ಕಾಲು ಇಳಿಬಿಟ್ಟು ಕುಳಿತುಕೊಳ್ಳುತ್ತಾರೆಂಬ ನಮ್ಮ ಪರಿಚಿತರ ಅಂಜಿಕೆ ಹುಸಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕೊಯ್ದು ಹಾಕುವುದೇ ಸರಿಯೆ? ಇಲ್ಲಿ ಆ ತಾಯಿಯ ಪ್ರಶ್ನೆ ಅಡ್ಡ ನಿಲ್ಲುತ್ತದೆ. ನೀರಿನಲ್ಲಿ ಮುಳುಗಿದ ಮೈ ಹಗುರ. ಸರಿದ ನೀರಿನ ತೂಕದಷ್ಟು ಭಾರವನ್ನು ನೀರೇ ಹೊರುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಮೈ ನೀರಿನಿಂದ ಮೇಲೇಳುತ್ತಿದ್ದಂತೆ ಅಂಗುಲ ಅಂಗುಲಕ್ಕೂ ಭಾರ ಮರಳಿ ಬರುತ್ತದೆ. ಜೊತೆಗೆ ನೆನೆದ ಬಟ್ಟೆ ಹಿಡಿದಿಟ್ಟ ನೀರಿನ ಭಾರ ಬೇರೆ. ದೋಣಿಯ ಅಂಚು ನೀರಿನಿಂದ ಎರಡಡಿ ಎತ್ತರವಿದ್ದರೆ, ಕಾಲಿಗೆ ಆಸರೆಯಿಲ್ಲದೆ ತೋಳಿನ ಬಲದಿಂದಲೇ ಅದನ್ನು ದಾಟುವುದು ಗಟ್ಟಿಮುಟ್ಟಾದ ಯುವಕನಿಗೂ ಸುಲಭವಲ್ಲ. ದಣಿದವನಿಗೆ, ವೃದ್ಧರಿಗೆ, ಸೀರೆ ಉಟ್ಟ ಹೆಣ್ಣುಮಗಳಿಗೆ ಅದು ಆಗದ ಮಾತು. ಮಗ್ಗುಲಿನಿಂದ ಎಳೆದುಕೊಳ್ಳಹೋದರೆ ಸಣ್ಣ ದೋಣಿ ಆ ಕಡೆಗೇ ವಾಲುತ್ತದೆ. ಹೀಗಾಗಿ ದೋಣಿ ಕಣ್ಣೆದುರಿಗೇ ಇದ್ದು, ಅಂಚು ಕೈಗೆ ಸಿಕ್ಕಿಯೂ, ಮನುಷ್ಯ ಮುಳುಗಬಹುದು.

ನಮ್ಮ ಹರಿಗೋಲಿಗೆ ಈ ತೊಡಕು ಬೇರೆ ಬಗೆಯದು. ಬಿದಿರಿನ ಬುಟ್ಟಿಗೆ ಹೊದಿಕೆ ಹೊಲಿದು ಮಾಡಿದ ಆ ಗುಂಡನೆಯ ತೆಪ್ಪಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ದಡದಲ್ಲಿ ಹತ್ತಬೇಕು, ದಡದಲ್ಲಿಯೇ ಇಳಿಯಬೇಕು. ನಡುನೀರಿನಲ್ಲಿ ಬಿದ್ದವನು ಅದರ ಅಂಚು ಹಿಡಿದು ತೇಲಬಹುದೇ ಹೊರತು ಹತ್ತಹೊರಟರೆ ಅದನ್ನೇ ಮಗುಚುತ್ತಾನೆ. ಪ್ರವಾಹ ಕಾಲದಲ್ಲಿ ರಕ್ಷಣಾ ಪಡೆಯವರು ತರುವ ಗಾಳಿ ತುಂಬಿದ ರಬ್ಬರು ದೋಣಿಗಳಿಗೂ ಈಜುಹಲಗೆಯಿಲ್ಲ; ಆದರೆ ಅವುಗಳ ಅಂಚು ತಗ್ಗು, ಮೃದು; ಸುತ್ತಲೂ ಹಿಡಿಯುವ ಹಗ್ಗವಿರುತ್ತದೆ. ಬಿದ್ದವನನ್ನು ಅಂಚಿನ ಮೇಲಿಂದ ಉರುಳಿಸಿ ಒಳಗೆ ಎಳೆದುಕೊಳ್ಳಬಹುದು. ಅಂದರೆ ಹಲಗೆಯೇ ಇರಬೇಕೆಂಬ ನಿಯಮವಿಲ್ಲ. ಮೇಲೆ ಬರುವ ದಾರಿ ಮಾತ್ರ ಒಂದು ಇರಲೇಬೇಕು. ಯೂರೋಪಿನ ಒಕ್ಕೂಟದಲ್ಲಿ ವಿಹಾರದೋಣಿಗಳ ಬಗ್ಗೆ 2013ರಲ್ಲಿ ಮಾಡಿದ ನಿರ್ದೇಶನವೂ ಇದನ್ನೇ ಹೇಳುತ್ತದೆ: ನೀರಿನಲ್ಲಿರುವವನು ಇನ್ನೊಬ್ಬರ ನೆರವಿಲ್ಲದೆ ತಾನೇ ಎಟುಕಿಸಿಕೊಂಡು ಹತ್ತುವ ಸಾಧನ ದೋಣಿಯಲ್ಲಿರಬೇಕು.

ಈ ಮಾತು ನಮಗೆ ದೂರದ್ದಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಯೂ ಕಾಗಿಣೆಯೂ ಉಕ್ಕಿ ಹರಿದಾಗ ಈ ಸೀಮೆಯ ಊರುಗಳಿಗೆ ನೀರು ಹೊಕ್ಕಿತು. ಅಂತಹ ಹೊತ್ತಿನಲ್ಲಿ ಮೀನಿನ ದೋಣಿ, ಮರಳಿನ ದೋಣಿ ಎಂಬ ಭೇದವಿರದು. ಯಾರ ಮನೆಯಂಗಳದಲ್ಲಿ ದೋಣಿಯಿದೆಯೋ ಅವರ ಬಾಗಿಲಿಗೆ ಜನ ಬರುತ್ತಾರೆ. ಆಗ ಆ ದೋಣಿಯ ಬೆನ್ನಿನಲ್ಲಿ ಒಂದು ಮೆಟ್ಟಿಲು ಇತ್ತೆ, ಇರಲಿಲ್ಲವೆ ಎಂಬುದು ಬಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನು ತೆಗೆಯುವುದೇ ಎಂದು ನಿರ್ಧರಿಸಿದರೆ, ತೆಗೆಯುವ ಕ್ರಮವನ್ನೂ ತಿಳಿದಿರಬೇಕು. ಈಜುಹಲಗೆಗಳಲ್ಲಿ ಎರಡು ಜಾತಿ. ಕೆಲವು ದೋಣಿಯ ಮೈಯೊಡನೆಯೇ ಒಂದೇ ಅಚ್ಚಿನಲ್ಲಿ ಎರಕವಾದವು. ಅವು ದೋಣಿಯನ್ನು ತೇಲಿಸುವ ಕೆಲಸದಲ್ಲಿಯೂ ಪಾಲುಗೊಂಡಿರುತ್ತವೆ. ಅವನ್ನು ಕೊಯ್ಯುವುದೆಂದರೆ ದೋಣಿಯನ್ನೇ ಕೊಯ್ದಂತೆ; ಆ ಯೋಚನೆಯನ್ನು ಬಿಟ್ಟುಬಿಡುವುದು ಲೇಸು. ಇನ್ನು ಕೆಲವು ಬೋಲ್ಟಿನಿಂದ ಬಿಗಿದವು. ಇವನ್ನು ಗರಗಸವಿಲ್ಲದೆ ಬಿಚ್ಚಬಹುದು. ಆದರೆ ಬಿಚ್ಚಿದ ಮೇಲೆ ತೂತುಗಳು ಉಳಿಯುತ್ತವೆ. ಫೈಬರಿನ ಹಿಂಗೋಡೆಯ ಒಳಗೆ ಅನೇಕ ದೋಣಿಗಳಲ್ಲಿ ಪ್ಲೈವುಡ್ಡಿನ ತಿರುಳಿರುತ್ತದೆ. ತೂತಿನಿಂದ ನೀರು ಇಳಿದರೆ ಹೊರಮೈ ಹೊಳೆಯುತ್ತಿರುವಾಗಲೇ ಒಳಗಿನ ಮರ ಕೊಳೆಯುತ್ತದೆ. ಮೋಟಾರಿನ ಭಾರವನ್ನೂ ನೂಕನ್ನೂ ಹೊರುವುದು ಆ ಮರವೇ. ಕೊಳ್ಳುವ ಮುನ್ನ ಮಡಕೆಯನ್ನು ಬೆರಳಿನಿಂದ ಬಡಿದು ನೋಡುವಂತೆ ಹಿಂಗೋಡೆಯನ್ನೂ ಬಡಿದು ನೋಡಬೇಕು. ಗಟ್ಟಿ ದನಿ ಬಂದರೆ ಸರಿ. ಬೋಲ್ಟಿನ ಸುತ್ತ ಮಂದವಾದ, ಸತ್ತ ದನಿ ಬಂದರೆ ಹಲಗೆಯ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯೊಂದು ಅಲ್ಲಿದೆ ಎಂದು ತಿಳಿಯಬೇಕು. ಒಣಗಿಸಿ, ಎಪಾಕ್ಸಿಯಿಂದ ತೂತು ತುಂಬಿ, ಮೇಲೆ ಫೈಬರು ಹೊದಿಸಿದ ಹೊರತು ದೋಣಿಯನ್ನು ನೀರಿಗೆ ಇಳಿಸಕೂಡದು.

ಕಾಯಿದೆಯ ಮಾತೂ ಇದೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ನೌಕೆಗಳ ಕಾಯಿದೆ, ಯಂತ್ರದಿಂದ ನಡೆಯುವ ನೌಕೆಗಳ ತಪಾಸಣೆ ಮತ್ತು ನೋಂದಣಿಯ ಬಗ್ಗೆ ವಿಧಿಗಳನ್ನು ಹೇಳುತ್ತದೆ. ದೋಣಿಯ ಆಕಾರಕ್ಕೆ ಕೈ ಹಚ್ಚುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳನ್ನು ಒಂದು ಮಾತು ಕೇಳುವುದು ಮೀನುಗಾರನಿಗೂ ಒಳ್ಳೆಯದು, ಅವನ ದೋಣಿ ಹತ್ತುವವರಿಗೂ ಒಳ್ಳೆಯದು.

ಇಷ್ಟನ್ನೂ ತೂಗಿ ನೋಡಿದಾಗ ನನಗೆ ತೋರುವ ತೀರ್ಮಾನ ಹೀಗಿದೆ. ಹಲಗೆ ಬೋಲ್ಟಿನದಾಗಿದ್ದರೆ ಬಲೆ ಹಾಕುವ ತಿಂಗಳುಗಳಲ್ಲಿ ಅದನ್ನು ಬಿಚ್ಚಿ, ಬೋಲ್ಟುಗಳನ್ನು ಅದೇ ತೂತುಗಳಿಗೆ ವಾಷರು, ಅಂಟು ಸಹಿತ ಮರಳಿ ಬಿಗಿದು, ಒಂದು ಋತು ನಡೆಸಿ ನೋಡಲಿ. ಆದರೆ ಬಿಚ್ಚುವ ದಿನವೇ, ಅದಕ್ಕಿಂತ ಮೊದಲೇ, ಮಡಚುವ ಒಂದು ಏಣಿಯನ್ನು ಹಿಂಗೋಡೆಗೆ ಕೂರಿಸಲಿ. ಅದರ ಕೆಳಗಿನ ಎರಡು ಮೆಟ್ಟಿಲುಗಳಾದರೂ ನೀರಿನೊಳಗೆ ಇಳಿಯಬೇಕು, ನೀರಿನಲ್ಲಿರುವವನ ಕೈಗೆ ಅದು ತಾನಾಗಿ ಸಿಗಬೇಕು. ಮಳೆಗಾಲದಲ್ಲಿ ಹಲಗೆ ಮರಳಿ ತನ್ನ ಜಾಗಕ್ಕೆ ಬರಲಿ. ಎಂಜಿನ್ನು ಓಡುತ್ತಿರುವಾಗ ಅದರ ಮೇಲೆ ಯಾರೂ ಕೂಡದಿರುವುದು ಮನೆಯ ಕಟ್ಟಳೆಯಾಗಲಿ. ಏಣಿ ಕೂರಿಸುವ ಅನುಕೂಲವಿಲ್ಲದಿದ್ದರೆ, ಬಲೆಯ ಕಿರಿಕಿರಿಯನ್ನು ಸಹಿಸಿಕೊಂಡು, ಹಲಗೆಯ ಮೂಲೆಗಳಿಗೆ ಹಳೆಯ ಟ್ಯೂಬು ಸುತ್ತಿ, ಅದನ್ನು ಇದ್ದಲ್ಲಿಯೇ ಬಿಡುವುದು ಸರಿ.

ಕೊಂಡ ವಸ್ತುವಿನಲ್ಲಿ ನಮಗೆ ಬೇಡವೆನಿಸಿದ ಭಾಗವೊಂದು ಕಂಡರೆ ಅದನ್ನು ತೆಗೆದುಹಾಕುವ ಆತುರ ಎಲ್ಲರಿಗೂ ಉಂಟು. ಹೊಲದ ಬದುವಾಗಲಿ, ಬಾವಿಯ ಮೆಟ್ಟಿಲಾಗಲಿ, ದೋಣಿಯ ಹಲಗೆಯಾಗಲಿ, ಅದು ದಿನವೂ ಕೊಡುವ ತೊಂದರೆ ಕಣ್ಣಿಗೆ ಕಾಣುತ್ತದೆ. ಎಂದೋ ಒಂದು ದಿನ ಮಾಡಬೇಕಾದ ಉಪಕಾರ ಕಾಣುವುದಿಲ್ಲ. ಬಿಚ್ಚಿದ್ದನ್ನು ಮತ್ತೆ ಬಿಗಿಯಬಹುದು, ಕೊಯ್ದದ್ದನ್ನು ಕೂಡಿಸುವುದು ಕಷ್ಟ. ತೆಗೆಯುವ ಹಕ್ಕು ಯಜಮಾನನದು, ಸಂದೇಹವಿಲ್ಲ. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಇನ್ನಾವುದು ಮಾಡುತ್ತದೆಂದು ಮೊದಲು ಗೊತ್ತುಮಾಡಿಕೊಂಡು, ಅದನ್ನು ತಂದು ನಿಲ್ಲಿಸಿ, ಆಮೇಲೆ ಪಾನಾ ಹಿಡಿಯಲಿ.